"ಮಾಳಿಗೆ ಮನೆ" ಅಂದರೆ ಮಹಡಿ ಮನೆಯೇ?

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಕಡೆಯ ಹಳೇ ಮನೆಯೊಂದರ ಕಾಗದಪತ್ರ ನೋಡುತ್ತಿದ್ದೇನೆ. 19ನೇ ಶತಮಾನದ ಕೊನೆಯ ಕ್ರಯಪತ್ರ. ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆಯ ವಿವರ) ಮುಗಿದ ಮೇಲೆ ಹೀಗಿದೆ: "ಐದು ಅಂಕಣದ ಮಾಳಿಗೆ ಮನೆ, ಹಿಂದೆ ಮೂರು ಅಂಕಣದ ಹೆಂಚಿನ ಮನೆ, ಹಿತ್ತಲು ಸಹಾ."

ಜೊತೆಗಿದ್ದ ಗೆಳೆಯರು ಇದನ್ನು "ಎರಡಂತಸ್ತಿನ ಮನೆ" ಎಂದು ಬರೆದುಕೊಂಡರು. ಅವರು ಮೈಸೂರಿನವರು, ಅವರ ಬಾಯಲ್ಲಿ ಮಾಳಿಗೆ ಎಂದರೆ ಮಹಡಿ. ತಪ್ಪೇನಲ್ಲ. ಮಲಯಾಳದ ಮಾಳಿಗ ಕೂಡ ಮಹಡಿ ಮನೆಯೇ. ತಮಿಳಿನ ಮಾಳಿಗೈ ಅಂತೂ ಅರಮನೆಯವರೆಗೂ ಹೋಗುತ್ತೆ.

ಆದರೆ ಆ ಮನೆಯನ್ನು ನೋಡಿದರೆ ನಂಬಿಕೆ ಬರುವುದಿಲ್ಲ. ಒಳಗೆ ಎಲ್ಲೂ ಮೆಟ್ಟಿಲಿಲ್ಲ. ಹೊರಗಿನಿಂದ ಏಣಿ ಇಟ್ಟು ಹತ್ತಬೇಕು. ಹತ್ತಿದರೆ ಕೋಣೆಯಿಲ್ಲ, ಸಪಾಟಾದ ಮಣ್ಣಿನ ಮಾಡು ಅಷ್ಟೇ. ಕಂಬದ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತಿ, ಅದರ ಮೇಲೆ ಕಡ್ಡಿ, ಸೊಪ್ಪು, ಮೇಲೊಂದು ದಪ್ಪ ಮಣ್ಣಿನ ಮುದ್ದೆ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡದಿದ್ದರೆ ಸೋರುತ್ತೆ. ನಡುಮನೆಗೆ ಬೆಳಕು ಬೀಳುವುದು ಮೇಲಿನ ಗವಾಕ್ಷಿಯಿಂದ. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದಕ್ಕೊಂದು ಕಲ್ಲು ಎಳೆಯಬೇಕು!

ಪತ್ರದ ಅಳತೆಯೂ ಇದನ್ನೇ ಹೇಳುತ್ತೆ. ಅಂಕಣ ಎಂದರೆ ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಜಾಗ. ಅಡಿ, ಗಜದ ಲೆಕ್ಕವಲ್ಲ. ಮನೆಯನ್ನು ಅಂಕಣದಲ್ಲಿ ಎಣಿಸಿದವನು ಸೂರು ನೋಡಿಕೊಂಡೇ ಎಣಿಸಿದ್ದಾನೆ. ಪಕ್ಕದಲ್ಲೇ "ಹೆಂಚಿನ ಮನೆ" ಎಂದಿದೆ ನೋಡಿ. ಅದು ಎಷ್ಟು ಅಂತಸ್ತು ಎಂಬ ಮಾತಲ್ಲ, ಮೇಲೆ ಏನು ಹೊದಿಸಿದೆ ಎಂಬ ಮಾತು. (ಈಗ ಅಲ್ಲಿರುವುದು ಕೈಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲೇ ಶುರುವಾಗಿದ್ದರೂ ಈ ಹಿತ್ತಲಿಗೆ ಆ ಹೆಂಚು ಬಂದಿಲ್ಲ.) ಹಾಗಾಗಿ ಇಲ್ಲಿ ಮಾಳಿಗೆ ಎಂದರೆ ಮಹಡಿಯಲ್ಲ, ಚಪ್ಪಟೆ ಸೂರು ಎಂದೇ ನನ್ನ ಓದು.

ಒಂದೇ ತೊಡಕು, ನೆಲಮಾಳಿಗೆ. ಅದು ಮೇಲೂ ಅಲ್ಲ, ಸೂರೂ ಅಲ್ಲ, ನೆಲದಡಿಯ ಕೋಣೆ. ತಲೆಯ ಮೇಲೆ ತೊಲೆ ಹಾಕಿ ಮುಚ್ಚಿದ್ದೆಲ್ಲ ಮಾಳಿಗೆ, ಆ ಮುಚ್ಚಿಗೆಯೇ ನೆಲವಾದರೆ ನೆಲಮಾಳಿಗೆ ಎನ್ನಬಹುದಾ? ನಮ್ಮ ಕಡೆ ಕಾಳು ತುಂಬುವ ಹಗೇವನ್ನು ಯಾರೂ ಹಾಗೆ ಕರೆಯುವುದಿಲ್ಲ, ಅದು ಬರೀ ಗುಂಡಿ ಅಲ್ವಾ.

ಬಳ್ಳಾರಿ, ರಾಯಚೂರು, ಧಾರವಾಡದ ಕಡೆಯವರು ಹೇಳಿ: ನಿಮ್ಮಲ್ಲಿ "ಮಾಳಿಗೆ ಹತ್ತಿದೆ" ಎಂದರೆ ಎಲ್ಲಿ ನಿಂತಿದ್ದೀರಿ ಅಂತ ಅರ್ಥ?