ಪಿಕಪ್ ಹೋದ ಗಾಡಿ, ಕಟ್ಟಿಕೊಂಡ ಕ್ಯಾಟ್: ಗುಂಪಿನ ಪ್ರಶ್ನೋತ್ತರ

ಮೆಕ್ಯಾನಿಕ್: ಇವತ್ತು ಪೆಟ್ರೋಲ್ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್, ಅಂದರೆ ಹೊಗೆ ಶುದ್ಧ ಮಾಡೋಕೆ ಸೈಲೆನ್ಸರ್ ಪೈಪಿನಲ್ಲಿ ಕೂರಿಸಿರೋ ಡಬ್ಬಿ) ಬಗ್ಗೆ ಕೇಳಿ. ಎಷ್ಟು ಕಿ.ಮೀ. ಓಡಿದೆ, ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡ್ ಬಂತು ಅಂತ ಬರೆಯಿರಿ. ಬರೀ 'ಗಾಡಿ ಎಳೀತಿಲ್ಲ' ಅಂದರೆ ಉತ್ತರ ಹೇಳೋಕಾಗಲ್ಲ.

ತುಮಕೂರು ಸದಸ್ಯ: ನಮಸ್ಕಾರ ಸರ್. ಕೋಡ್ ಪಿ0420. ಪಿಕಪ್ ಚೆನ್ನಾಗೇ ಇದೆ. ಗ್ಯಾರೇಜಿನವರು ಕ್ಯಾಟ್ ಬ್ಲಾಕ್ ಆಗಿದೆ, ಬದಲಾಯಿಸಿ ಅಂತಿದ್ದಾರೆ.

ಮೆಕ್ಯಾನಿಕ್: ಪಿಕಪ್ ಚೆನ್ನಾಗಿದ್ದರೆ ಬ್ಲಾಕ್ ಆಗಿಲ್ಲ. ಪಿ0420 ಅಂದರೆ ಕ್ಯಾಟ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡ್ತಿಲ್ಲ ಅಂತ, ದಾರಿ ಮುಚ್ಚಿದೆ ಅಂತಲ್ಲ. ಇಂಜಿನ್ ಬಿಸಿಯಾದ ಮೇಲೆ ಕ್ಯಾಟ್ ಹಿಂದಿರೋ ಆಕ್ಸಿಜನ್ ಸೆನ್ಸರ್ ಗ್ರಾಫ್ ನೋಡಿಸಿ. 0.6–0.7 ವೋಲ್ಟ್ ಹತ್ತಿರ ನಿಂತಿದ್ದರೆ ಕ್ಯಾಟ್ ಸರಿ ಇದೆ. 0.1ರಿಂದ 0.9ರವರೆಗೆ ಒಂದೇ ಸಮ ಜಿಗಿದಾಡ್ತಿದ್ದರೆ ಸೊರಗಿದೆ. ಅದಕ್ಕೂ ಮೊದಲು ಸೆನ್ಸರ್ ಹಿಂದೆಮುಂದೆ ಪೈಪಿನ ಜಾಯಿಂಟ್, ಗ್ಯಾಸ್ಕೆಟ್ ಲೀಕ್ ನೋಡಿಸಿ. ಸಣ್ಣ ಲೀಕಿಗೂ ಇದೇ ಕೋಡ್ ಬರುತ್ತೆ.

ಬಳ್ಳಾರಿ ಸದಸ್ಯ: ಸರ್, ನಂದು ಡೀಸೆಲ್, ಬಿಎಸ್6. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಪದೇಪದೇ ಬರ್ತಿದೆ. ಏನು ಮಾಡಲಿ?

ಧಾರವಾಡ ಸದಸ್ಯ: ಸರ, 2014ರ ಹ್ಯಾಚ್‌ಬ್ಯಾಕ್, 1.1 ಲಕ್ಷ ಕಿ.ಮೀ. 3000 ಮ್ಯಾಲೆ ಆರ್‌ಪಿಎಂ ಏರವಲ್ದು. ಚೆಕ್ ಲೈಟ್ ಮಿಣಕ್ ಮಿಣಕ್ ಅಂತೈತಿ, ಕೋಡ್ ಪಿ0303. ಸೀಟಿನ ಕೆಳಗ ನೆಲ ಸುಡ್ತೈತಿ, ಕಾರ್ಪೆಟ್ ಸುಟ್ಟ ವಾಸನಿ ಬರ್ತೈತಿ. ಶನಿವಾರ ಮನಿಮಂದಿ ಕೂಡಿ ಧರ್ಮಸ್ಥಳಕ್ಕ ಹೊಂಟೇವಿ. ಬಂದ ಮ್ಯಾಲೆ ಮಾಡಿಸಿದ್ರ ನಡೀತೈತೇನ್ರಿ?

ಮೆಕ್ಯಾನಿಕ್: ನಡೆಯಲ್ಲ. ಈ ಗಾಡಿ ತಗೊಂಡು ಘಾಟಿ ಇಳಿಯಬೇಡಿ. ಗ್ಯಾರೇಜಿಗೂ ಟೋ ಮಾಡಿಸಿಕೊಂಡೇ ಹೋಗಿ.

ಚೆಕ್ ಲೈಟ್ ಸುಮ್ಮನೆ ಉರಿಯೋದು ಬೇರೆ, ಮಿಣುಕೋದು ಬೇರೆ. ಮಿಣುಕಿದರೆ ಕ್ಯಾಟ್ ಸುಟ್ಟುಹೋಗುವಷ್ಟು ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರೋದು) ಇದೆ ಅಂತ ಅರ್ಥ. ಪಿ0303 ಅಂದರೆ ಮಿಸ್ಸಿಂಗ್ ಮೂರನೇ ಸಿಲಿಂಡರಿನಲ್ಲಿ. ಅದರ ಪೆಟ್ರೋಲ್ ಉರಿಯದೆ ಹಸಿಯಾಗಿ ಹೋಗಿ ಕ್ಯಾಟ್ ಒಳಗೆ ಉರೀತಿದೆ. ಮಾಮೂಲಾಗಿ 400ರಿಂದ 800 ಡಿಗ್ರಿ ಇರಬೇಕಾದ ಜಾಗ ಸಾವಿರ ದಾಟಿ ಏರುತ್ತಾ ಹೋದರೆ ಒಳಗಿನ ಸೆರಾಮಿಕ್ ಜೇನುಗೂಡು ಕರಗಿ ಮುದ್ದೆಯಾಗುತ್ತೆ. ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಅದಕ್ಕೇ ಆರ್‌ಪಿಎಂ ಏರ್ತಿಲ್ಲ. ಕ್ಯಾಟ್ ಇಷ್ಟು ಕಾದಿರುವಾಗ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪು ಗಾಡಿ ತಳಕ್ಕೆ ಸುತ್ತಿಕೊಂಡರೂ, ಒಣ ಹುಲ್ಲಿನ ಮೇಲೆ ನಿಲ್ಲಿಸಿದರೂ ಗಾಡಿಗೆ ಬೆಂಕಿ ಹತ್ತಬಹುದು.

ಮೊದಲು ಮಿಸ್ಸಿಂಗ್ ಹಿಡಿಯಿರಿ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿ ಹೊಡೆಯೋ ಕರೆಂಟ್ ಕೊಡೋ ಭಾಗ) ಇದ್ದರೆ ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಪಿ0302 ಆದರೆ ಕಾಯಿಲ್ ಹೋಗಿದೆ. ಆಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್, ಇದೇ ಕ್ರಮದಲ್ಲಿ ನೋಡಿ. ಕ್ಯಾಟ್ ಕಟ್ಟಿದ್ದರಿಂದಲೇ ಮಿಸ್ಸಿಂಗ್ ಬಂದಿದ್ದರೆ ಸಾಮಾನ್ಯವಾಗಿ ಎಲ್ಲ ಸಿಲಿಂಡರಿಗೂ ತಟ್ಟಿ ಪಿ0300 ಬರ್ತಿತ್ತು. ಒಂದೇ ಸಿಲಿಂಡರ್ ಆದ್ದರಿಂದ ಮೂಲ ಅಲ್ಲೇ ಇದೆ.

ಮಿಸ್ಸಿಂಗ್ ಹೋದ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಗಾಳಿ ಹೋಗೋ ಪೈಪು) ವ್ಯಾಕ್ಯೂಮ್ ಗೇಜ್ ಹಾಕಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) 17–21 ಇಂಚು ಬರಬೇಕು. ಧಾರವಾಡ ಎತ್ತರದಲ್ಲಿರೋದರಿಂದ ಎರಡು ಇಂಚು ಕಡಿಮೆ ಬಂದರೂ ಸರಿ. 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿಯಿರಿ. ಮುಳ್ಳು ಐಡಲ್ ಮಟ್ಟಕ್ಕೆ ಬಂದು ನಿಲ್ಲಬೇಕು. ಮೆಲ್ಲಮೆಲ್ಲಗೆ ಇಳೀತಾ ಹೋದರೆ ದಾರಿ ಮುಚ್ಚಿದೆ.

ಖಚಿತ ಮಾಡಿಕೊಳ್ಳೋಕೆ ಇಂಜಿನ್ ತಣ್ಣಗಿದ್ದಾಗ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಕೂರಿಸಿ. ಐಡಲ್‌ನಲ್ಲಿ 1.25 ಪಿಎಸ್‌ಐ, 2500ರಲ್ಲಿ 3 ಪಿಎಸ್‌ಐ ಒಳಗೆ ಇರಬೇಕು. ಬೇಗ ಓದಿ ನಿಲ್ಲಿಸಿ, ಗೇಜಿನ ಪೈಪ್ ಬಿಸಿಗೆ ಕರಗುತ್ತೆ.

ಮೈಸೂರು ಸದಸ್ಯ: ಸರ್, ನಂದೂ ಪಿ0420. ಬ್ಲಾಕ್ ಇರಬಹುದಾ?

ಮೆಕ್ಯಾನಿಕ್: ಮೇಲೆ ಓದಿ.

ದಾವಣಗೆರೆ ಸದಸ್ಯ: ಫಾರ್ವರ್ಡ್ ಬಂದಿದ್ದು: 'ಅರ್ಧ ಟ್ಯಾಂಕ್ ಪೆಟ್ರೋಲಿಗೆ 2 ಲೀಟರ್ ಥಿನ್ನರ್ ಹಾಕಿ ಹೈವೇನಲ್ಲಿ ಓಡಿಸಿ, ಕ್ಯಾಟ್ ಹೊಸದರಂತಾಗುತ್ತೆ. ಎಲ್ಲರಿಗೂ ತಿಳಿಸಿ.'

ಮೆಕ್ಯಾನಿಕ್: ಯಾರಿಗೂ ತಿಳಿಸಬೇಡಿ. ಥಿನ್ನರ್ ಇಂಜಿನ್ ಒಳಗೇ ಉರಿದುಹೋಗುತ್ತೆ, ಕ್ಯಾಟ್‌ವರೆಗೆ ತಲುಪೋದೇ ಇಲ್ಲ. ತಲುಪಿದರೂ ಕರಗಿ ಗಟ್ಟಿಯಾದ ಸೆರಾಮಿಕ್ ಅದರಿಂದ ಬಿಡಲ್ಲ. ದಾರಿಯಲ್ಲಿ ಹಾಳಾಗೋದು ರಬ್ಬರ್ ಹೋಸು, ಪಂಪಿನ ಸೀಲು. ವಿನಿಗರ್, ಸೋಪುಪುಡಿ ನೀರಲ್ಲಿ ನೆನೆಸೋ ವಿಡಿಯೊನೂ ಕಳಿಸಬೇಡಿ.

ಶಿವಮೊಗ್ಗ ಸದಸ್ಯ: ಥಿನ್ನರ್ ಹಾಕಿದ ಮೇಲೆ ನಮ್ಮ ಗಾಡೀಲಿ ಲೈಟ್ ಹೋಯ್ತಲ್ಲ?

ಹಾಸನ ಸದಸ್ಯ: ಆವಾಗ ಬ್ಯಾಟರಿ ಕೇಬಲ್ ಬಿಚ್ಚಿದ್ರಾ?

ಶಿವಮೊಗ್ಗ ಸದಸ್ಯ: ಹೌದು, ವಿಡಿಯೊದಲ್ಲಿ ಹಾಗೇ ಹೇಳಿದ್ರು.

ಹಾಸನ ಸದಸ್ಯ: ಕೇಬಲ್ ಬಿಚ್ಚಿದ್ದಕ್ಕೆ ಕೋಡ್ ಅಳಿಸಿಹೋಗಿದೆ, ಅಷ್ಟೇ. ಕೆಲವು ದಿನ ಓಡಿಸಿ, ತಿರುಗಿ ಬರುತ್ತೆ.

ದಾವಣಗೆರೆ ಸದಸ್ಯ: ಇಷ್ಟೆಲ್ಲ ಯಾಕೆ, ಜೇನುಗೂಡು ಒಡೆದು ತೆಗೆಸಿ ಖಾಲಿ ಪೈಪ್ ಮಾಡಿಸಿದರಾಯ್ತು. ಯಾರು ನೋಡ್ತಾರೆ?

ಹಾಸನ ಸದಸ್ಯ: ಎಮಿಷನ್ ಟೆಸ್ಟ್ ಮಷಿನ್ ನೋಡುತ್ತೆ. ಬಿಎಸ್4 ಪೆಟ್ರೋಲ್ ಗಾಡಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3% ದಾಟಬಾರದು. ಖಾಲಿ ಪೈಪಲ್ಲಿ ದಾಟಿಹೋಗುತ್ತೆ.

ದಾವಣಗೆರೆ ಸದಸ್ಯ: ಟೆಸ್ಟ್ ಹೇಗೆ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ನೀವು ಪಾಠ ಹೇಳಬೇಡಿ.

ಹಾಸನ ಸದಸ್ಯ: ನಿಮ್ಮ ಹೊಗೆ ಕುಡಿಯೋರು ಹಿಂದೆ ಬೈಕಲ್ಲಿ ಬರೋರು. ಅವರಿಗೆ ಹೇಳಿ.

ಮೆಕ್ಯಾನಿಕ್: ಇಬ್ಬರೂ ಸಾಕು ಮಾಡಿ. ಕ್ಯಾಟ್ ತೆಗೆಸಿ ಹೊಗೆ ಮಿತಿ ದಾಟಿದ ಗಾಡಿ ಓಡಿಸೋದು ಅಪರಾಧ. ಮೋಟಾರು ವಾಹನ ಕಾಯ್ದೆ 190(2)ರಲ್ಲಿ 10,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಈ ಗುಂಪಲ್ಲಿ ಆ ಸಲಹೆ ಬೇಡ.

ಮಂಗಳೂರು ಸದಸ್ಯೆ: ಸರ್, ಹೊಸ ಕ್ಯಾಟ್ ಹಾಕಿಸಿ 14,000 ಕಿ.ಮೀ. ಆಯ್ತು, ಮತ್ತೆ ಕಟ್ಟಿಕೊಂಡಿದೆ ಅಂತಿದ್ದಾರೆ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಹಾಕ್ತೇನೆ. ಅದು ಮಾಮೂಲಲ್ವಾ?

ಮೆಕ್ಯಾನಿಕ್: ಮಾಮೂಲಲ್ಲ ಮೇಡಂ, ಕಾರಣವೇ ಅದು. ಆಯಿಲ್‌ನಲ್ಲಿರೋ ರಂಜಕ, ಸತು ಉರಿದು ಬೂದಿಯಾಗಿ ಜೇನುಗೂಡಿಗೆ ಮೆತ್ತಿಕೊಳ್ಳುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಏರು ಹತ್ತುವಾಗ ಬಂದರೆ ಪಿಸ್ಟನ್ ರಿಂಗ್ ಅಂತ ಅನುಮಾನಪಡಿ. ಪಿಸಿವಿ ವಾಲ್ವ್ (ಇಂಜಿನ್ ತಳದ ಆವಿಯನ್ನು ಮತ್ತೆ ಉರಿಯೋಕೆ ಕಳಿಸೋ ವಾಲ್ವ್) ಮೊದಲು ನೋಡಿಸಿ, ಅದಕ್ಕೆ ಖರ್ಚು ಕಡಿಮೆ. ಇದು ಸರಿಯಾಗದೆ ಮೂರನೇ ಕ್ಯಾಟಿಗೆ ದುಡ್ಡು ಕೊಡಬೇಡಿ.

ಕೋಲಾರ ಸದಸ್ಯ: ಪಿ0420 ಬಂದರೆ ಕ್ಯಾಟ್ ಬ್ಲಾಕ್ ಅಂತ ಅಲ್ವಾ ಸರ್?

ಮೆಕ್ಯಾನಿಕ್: ಅಲ್ಲ. ಮೂರನೇ ಸಲ ಹೇಳ್ತಿದ್ದೀನಿ.

ಬಳ್ಳಾರಿ ಸದಸ್ಯ: ಸರ್, ಡಿಪಿಎಫ್?

ಧಾರವಾಡ ಸದಸ್ಯ: ಸರ, ನೀವು ಹೇಳಿದ ಮ್ಯಾಲೆ ಗಾಡಿ ಟೋ ಮಾಡಿಸಿದ್ವಿ. ಕಾಯಿಲ್ ಅದಲು ಬದಲು ಮಾಡಿದ್ರ ಪಿ0302 ಬಂತು. ಹೊಸಾ ಕಾಯಿಲ್ ಹಾಕಿದ್ವಿ, ಮಿಸ್ಸಿಂಗ್ ಹೋತು, ಆರ್‌ಪಿಎಂ ಮಾತ್ರ ಇನ್ನೂ ಏರವಲ್ದು. ವ್ಯಾಕ್ಯೂಮ್ ಐಡಲ್‌ನ್ಯಾಗ 16, 2500ಕ್ಕ ಹಿಡಿದ್ರ 9ಕ್ಕ ಇಳೀತು. ಪ್ರೆಷರ್ 6 ಪಿಎಸ್‌ಐ. ಧರ್ಮಸ್ಥಳಕ್ಕ ಬಸ್ಸಿಗೆ ಸೀಟ್ ಮಾಡಿಸೇವಿ.

ಮೆಕ್ಯಾನಿಕ್: ಬಸ್ಸಿಗೆ ಹೋಗ್ತಿರೋದು ಒಳ್ಳೇದಾಯ್ತು. ಕ್ಯಾಟ್ ಕಟ್ಟಿದೆ, ಬದಲಾಯಿಸಲೇಬೇಕು. ಬಿಚ್ಚಿದಾಗ ಒಳಗೆ ಟಾರ್ಚ್ ಹಾಕಿ ನೋಡಿ. ಚೂರುಗಳು ಒಡೆದು ಹಿಂದೆ ಹೋಗಿದ್ದರೆ ಸೈಲೆನ್ಸರ್ ಒಳಗೆ ಸಿಕ್ಕಿಕೊಂಡಿರುತ್ತವೆ. ಸೈಲೆನ್ಸರ್ ತಟ್ಟಿ, ಗಲಗಲ ಅಂದರೆ ಅದನ್ನೂ ಬಿಚ್ಚಿಸಿ. ಪ್ಲಗ್‌ಗಳನ್ನೂ ಈಗಲೇ ಹೊಸದು ಹಾಕಿಸಿ. ಹೊಸ ಕ್ಯಾಟ್ ಕೂತ ಮೇಲೆ ಪ್ರೆಷರ್ ಇನ್ನೊಮ್ಮೆ ಅಳೆದು ಇಲ್ಲಿ ಬರೆಯಿರಿ.