ಚಳಿ ಕಡಿಮೆ ಇರುವ ಕಡೆ ಬ್ಲೂಬೆರಿ: ಯಾವ ತಳಿ ಹಾಕಿದಿರಿ, ಹೇಗೆ ಬಂತು?

ಪ್ರಶ್ನೆ

ಮನೆ ಹಿಂದೆ ನಾಲ್ಕೈದು ಗಿಡ ಹಿಡಿಸುವಷ್ಟು ಜಾಗ ಇದೆ. ಬ್ಲೂಬೆರಿ ಹಾಕಬೇಕು ಅಂತ ಬಹಳ ದಿನದ ಆಸೆ. ನಮ್ಮ ಕಡೆ ಚಳಿಗಾಲ ಅಷ್ಟೇನೂ ಕಠಿಣವಲ್ಲ. ಹಿಮ ಬೀಳುವುದಿಲ್ಲ, ಕೆಲವು ವಾರ ರಾತ್ರಿ ಮತ್ತು ಬೆಳಗಿನ ಜಾವ ಮಾತ್ರ ಚೆನ್ನಾಗಿ ಕೊರೆಯುತ್ತದೆ. ಸಸಿ ಮಾರುವವರ ಪಟ್ಟಿಯಲ್ಲಿ ಹತ್ತಾರು ಹೆಸರಿವೆ, ಎಲ್ಲದರ ಮುಂದೆಯೂ ‘ದೊಡ್ಡ ಹಣ್ಣು, ಸಿಹಿ’ ಅಂತಲೇ ಇದೆ. ಬೆಳೆಸಿ ನೋಡಿದವರು ದಯವಿಟ್ಟು ಹೇಳಿ, ಯಾವುದು ಹಾಕಿದಿರಿ, ಏನಾಯಿತು? ಒಂದೇ ಗಿಡ ಸಾಕೋ, ಜೋಡಿ ಬೇಕೋ?

ಉತ್ತರ 1

ಗಿಡ ತರುವ ಮೊದಲು ನಿಮ್ಮಲ್ಲಿ ಚಳಿ ಎಷ್ಟು ಗಂಟೆ ಇರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ರುಚಿ, ಗಾತ್ರ ಎಲ್ಲ ಆಮೇಲೆ. ಇದು ತಿಳಿಯದೆ ನಾನು ಮೂರು ವರ್ಷ ಕಳೆದುಕೊಂಡೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಮೊದಲು ತಂದದ್ದು ಬ್ಲೂಕ್ರಾಪ್. ಬ್ಲೂಬೆರಿ ಅಂದಕೂಡಲೇ ಎಲ್ಲರೂ ಹೇಳುವ ಹೆಸರು ಅದು. ಮೊದಲ ಬೇಸಿಗೆಯಲ್ಲಿ ಚೆನ್ನಾಗಿಯೇ ಬೆಳೆಯಿತು. ಚಳಿಗಾಲ ಕಳೆದ ಮೇಲೆ ನೋಡಿದರೆ, ಉಳಿದ ಗಿಡಗಳೆಲ್ಲ ಚಿಗುರಿ ತಿಂಗಳಾದರೂ ಇದು ಮಾತ್ರ ಒಣಕಡ್ಡಿಯ ಹಾಗೆ ನಿಂತಿದೆ. ಸತ್ತಿತೇನೋ ಅಂತ ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಸಿರಿತ್ತು. ಕೊನೆಗೂ ಕಡ್ಡಿಯ ತುದಿಯಲ್ಲಿ ನಾಲ್ಕು ಎಲೆ ಬಂದವು, ನಡುವಿನ ಮೊಗ್ಗುಗಳು ಕಣ್ಣೇ ಬಿಡಲಿಲ್ಲ. ಹೂವೂ ಒಟ್ಟಿಗೆ ಬರಲಿಲ್ಲ, ಒಂದು ಗೊಂಚಲು ಈಗ ಬಂದರೆ ಇನ್ನೊಂದು ತಿಂಗಳು ಬಿಟ್ಟು. ಗೊಬ್ಬರ ಸಾಲದು ಅಂದುಕೊಂಡು ಗೊಬ್ಬರ ಹಾಕಿದೆ. ಆದರೆ ಗಿಡಕ್ಕೆ ಕಡಿಮೆಯಾಗಿದ್ದದ್ದು ಚಳಿ.

ಬ್ಲೂಬೆರಿ ಚಳಿಗಾಲದಲ್ಲಿ ಮಲಗುವ ಗಿಡ. ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಿನಲ್ಲಿ ಇಂತಿಷ್ಟು ಗಂಟೆ ಕಳೆದರೇನೇ ಅದಕ್ಕೆ ಸರಿಯಾಗಿ ಎಚ್ಚರವಾಗುವುದು. ಇದನ್ನು ತೋರಿಸಿಕೊಟ್ಟವರಲ್ಲಿ ಮೊದಲಿಗರು ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಫ್ರೆಡರಿಕ್ ಕೋವಿಲ್. ಕಾಡಿನಲ್ಲಿದ್ದ ಬ್ಲೂಬೆರಿಯನ್ನು ತೋಟಕ್ಕೆ ತಂದವರೂ ಅವರೇ, ಜೊತೆಗೆ ನ್ಯೂಜೆರ್ಸಿಯ ಎಲಿಜಬೆತ್ ವೈಟ್. ಅವರಿಬ್ಬರ ಮೊದಲ ಫಸಲು ಮಾರುಕಟ್ಟೆಗೆ ಹೋದದ್ದು 1916ರಲ್ಲಿ. ಚಳಿಯ ಬಗ್ಗೆ ಕೋವಿಲ್ 1920ರಲ್ಲಿ ಬರೆದರು: ಚಳಿ ಸೋಕಿದ ಕೊಂಬೆ ಚಿಗುರುತ್ತದೆ, ಬೆಚ್ಚಗೆ ಇಟ್ಟದ್ದು ಮಲಗಿಯೇ ಇರುತ್ತದೆ. ನನ್ನ ಹಿತ್ತಲಲ್ಲಿ ಆದದ್ದೂ ಅದೇ. ಬ್ಲೂಕ್ರಾಪ್ ನಾರ್ದರ್ನ್ ಹೈಬುಷ್, ಅಂದರೆ ಚಳಿ ಹೆಚ್ಚಿರುವ ಕಡೆಯ ತಳಿಗಳ ಗುಂಪಿನದು, ಅದಕ್ಕೆ 800 ಗಂಟೆಗೂ ಹೆಚ್ಚು ಚಳಿ ಬೇಕು.

ಲೆಕ್ಕ ಹಾಕುವುದು ಕಷ್ಟವಲ್ಲ. ಗಿಡ ಇಡುವ ಜಾಗದಲ್ಲೇ ಒಂದು ಥರ್ಮಾಮೀಟರ್ ನೇತುಹಾಕಿ, ರಾತ್ರಿ ಮಲಗುವಾಗೊಮ್ಮೆ ಬೆಳಿಗ್ಗೆ ಎದ್ದಾಗೊಮ್ಮೆ ನೋಡಿ ಬರೆದಿಡಿ. ರಾತ್ರಿಗೆ ಐದು ಗಂಟೆ 7 ಡಿಗ್ರಿಗಿಂತ ಕೆಳಗೆ ಇರುತ್ತದೆ, ಹಾಗೆ ನಲವತ್ತು ರಾತ್ರಿ ಸಿಗುತ್ತದೆ ಅಂದರೆ 200 ಗಂಟೆ ಆಯಿತು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದೂ ಆಸುಪಾಸಿನಲ್ಲೇ ಇರಬಹುದು.

ಹಾಗಿದ್ದರೆ ನಿಮಗೆ ಬೇಕಾದದ್ದು ಸದರ್ನ್ ಹೈಬುಷ್, ಕಡಿಮೆ ಚಳಿ ಸಾಕಾಗುವ ತಳಿಗಳ ಗುಂಪು. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಶಾರ್ಪ್ ಅನ್ನುವವರು ಉತ್ತರದ ಹೈಬುಷ್ ಅನ್ನು ಅಲ್ಲಿನ ಕಾಡಿನ ನಿತ್ಯಹಸಿರು ಬ್ಲೂಬೆರಿಯ ಜೊತೆ ಸಂಕರ ಮಾಡಿ ಈ ಗುಂಪಿಗೆ ಬುನಾದಿ ಹಾಕಿದರು. 1976ರಲ್ಲಿ ಬಂದ ಶಾರ್ಪ್‌ಬ್ಲೂ ಅವರ ಹೆಸರಿನದ್ದೇ. ಈ ಗುಂಪಿನಲ್ಲಿ ನಾನು ಬೆಳೆಸಿದವು ನಾಲ್ಕು.

ಸನ್‌ಶೈನ್ ಬ್ಲೂ ನನ್ನ ಮೆಚ್ಚಿನದು. ಸೊಂಟದೆತ್ತರಕ್ಕೆ ನಿಲ್ಲುತ್ತದೆ, ಹೂವು ನಸುಗುಲಾಬಿ, 150 ಗಂಟೆ ಚಳಿ ಸಾಕು. ಒಂಟಿಯಾಗಿದ್ದರೂ ಹಣ್ಣು ಕಟ್ಟುತ್ತದೆ. ಮಣ್ಣಿನ ಹುಳಿ ಸ್ವಲ್ಪ ಏರುಪೇರಾದರೂ ಬೇರೆ ತಳಿಗಳಷ್ಟು ಬೇಗ ಮುನಿಯುವುದಿಲ್ಲ. ಹಣ್ಣು ಮಾತ್ರ ಚಿಕ್ಕದು. ದೊಡ್ಡ ಹಣ್ಣು ಬೇಕೆಂದರೆ ಎಮರಾಲ್ಡ್ ಮತ್ತು ಜ್ಯುವೆಲ್, ಎರಡನ್ನೂ ಜೋಡಿಯಾಗಿಯೇ ಹಾಕಿ, ಒಂದರ ಪರಾಗ ಇನ್ನೊಂದಕ್ಕೆ ಚೆನ್ನಾಗಿ ಹೊಂದುತ್ತದೆ. ಎಮರಾಲ್ಡ್ ಗಿಡ ಗಟ್ಟಿ, ಅಗಲಕ್ಕೆ ಹರಡುತ್ತದೆ. ಜ್ಯುವೆಲ್ ಪೂರ್ತಿ ಮಾಗುವ ತನಕ ಹುಳಿ, ಮಾಗಿದ ಮೇಲೆ ಅದರ ಹುಳಿಸಿಹಿ ಬೇರೆ ಯಾವುದಕ್ಕೂ ಇಲ್ಲ. ಇನ್ನು ಮಿಸ್ಟಿ. ಅದು ತಾಳಲಾರದಷ್ಟು ಹೂ ಬಿಡುತ್ತದೆ, ಎಲೆ ಬರುವ ಮೊದಲೇ ಮೈತುಂಬ ಹೂವು. ಅಷ್ಟನ್ನೂ ಬಿಟ್ಟರೆ ಹಣ್ಣು ಸಣ್ಣದಾಗಿ ಗಿಡ ಸೊರಗುತ್ತದೆ. ಕಡ್ಡಿಯ ತುದಿಯಲ್ಲಿರುವ ದಪ್ಪ ಮೊಗ್ಗುಗಳೇ ಹೂವಿನವು, ಚೂಪಾದ ಸಣ್ಣವು ಎಲೆಯವು. ಚಳಿಗಾಲದ ಕೊನೆಗೆ ದಪ್ಪ ಮೊಗ್ಗುಗಳಲ್ಲಿ ಅರ್ಧದಷ್ಟನ್ನು ಸವರಿ ಹಾಕುವ ಮನಸ್ಸಿದ್ದರೆ ಮಾತ್ರ ಮಿಸ್ಟಿ ತನ್ನಿ.

‘ಈ ತಳಿ ಹುಳಿ’ ಅನ್ನುವ ದೂರು ಬಹಳ ಕೇಳಿದ್ದೇನೆ. ಹತ್ತರಲ್ಲಿ ಎಂಟು ಸಲ ಅದು ತಳಿಯ ದೋಷ ಅಲ್ಲ, ಬೇಗ ಕಿತ್ತದ್ದರ ಫಲ. ನೀಲಿಯಾದ ಹಣ್ಣನ್ನು ಮೆಲ್ಲಗೆ ತಿರುಗಿಸಿ ತೊಟ್ಟು ಸೇರುವ ಜಾಗ ನೋಡಿ. ಅಲ್ಲಿ ತೆಳುವಾದ ಕೆಂಪು ಉಂಗುರ ಕಂಡರೆ ಇನ್ನೂ ಆಗಿಲ್ಲ. ನಾಲ್ಕೈದು ದಿನ ಬಿಟ್ಟು ಹೋಗಿ ಹೆಬ್ಬೆರಳಿನಿಂದ ಹಾಗೇ ಉರುಳಿಸಿ, ಎಳೆಯದೆ ತಾನಾಗಿ ಅಂಗೈಗೆ ಬೀಳಬೇಕು. ಕಿತ್ತ ಮೇಲೆ ಬ್ಲೂಬೆರಿ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಆ ನಾಲ್ಕೈದು ದಿನ ಹಕ್ಕಿಗಳೂ ಕಾಯುತ್ತಿರುತ್ತವೆ, ಬಲೆ ಮೊದಲೇ ಹಾಕಿಡಿ.

ಉತ್ತರ 2

ಮೇಡಂ ರ್ಯಾಬಿಟ್‌ಐ ಗುಂಪನ್ನು ಬಿಟ್ಟಿದ್ದಾರೆ, ಅದನ್ನು ನಾನು ಸೇರಿಸುತ್ತೇನೆ. ಬೇಸಿಗೆಯ ಬಿಸಿಲು ಜೋರಾಗಿದ್ದು, ಚಳಿ 400 ಗಂಟೆಗಿಂತ ಹೆಚ್ಚು ಸಿಗುವ ಕಡೆ ಇದನ್ನು ಮೀರಿಸುವ ಬ್ಲೂಬೆರಿ ಇಲ್ಲ. ಕಾಯಿ ಬಲಿಯುವಾಗ ತುದಿ ಮೊಲದ ಕಣ್ಣಿನ ಹಾಗೆ ಕೆಂಪಗಾಗುತ್ತದೆ, ಆ ಹೆಸರು ಬಂದದ್ದು ಅದರಿಂದ. ನನ್ನಲ್ಲಿ ಕ್ಲೈಮ್ಯಾಕ್ಸ್ ಮತ್ತು ಪೌಡರ್‌ಬ್ಲೂ ಇವೆ. ಆಳೆತ್ತರ ದಾಟಿವೆ, ನೀರು ಒಂದೆರಡು ದಿನ ತಪ್ಪಿದರೂ ತಡೆದುಕೊಳ್ಳುತ್ತವೆ. ಸಿಪ್ಪೆ ಸ್ವಲ್ಪ ದಪ್ಪ, ಬೀಜ ಹಲ್ಲಿಗೆ ಸಿಗುತ್ತದೆ.

ಆದರೆ ಒಂದೇ ಗಿಡ ಹಾಕಿದರೆ ಕೆಲಸವಿಲ್ಲ. ರ್ಯಾಬಿಟ್‌ಐಗೆ ತನ್ನದೇ ಪರಾಗ ಆಗಿಬರುವುದಿಲ್ಲ, ಒಂದೇ ಹೊತ್ತಿಗೆ ಹೂ ಬಿಡುವ ಇನ್ನೊಂದು ರ್ಯಾಬಿಟ್‌ಐ ತಳಿ ಹತ್ತಿರ ಇರಲೇಬೇಕು. ಪಕ್ಕದಲ್ಲಿ ಸದರ್ನ್ ಹೈಬುಷ್ ಇದ್ದರೆ ಪ್ರಯೋಜನವಿಲ್ಲ, ಎರಡರ ವರ್ಣತಂತುಗಳ ಲೆಕ್ಕವೇ ಬೇರೆ. ಇದು ಗೊತ್ತಿಲ್ಲದೆ ಎರಡು ವರ್ಷ ಹೂವು ನೋಡಿ ಖುಷಿಪಟ್ಟು, ಕಾಯಿ ನಿಲ್ಲದೆ ಉದುರಿದ್ದನ್ನು ನೋಡಿ ಬೇಜಾರು ಮಾಡಿಕೊಂಡಿದ್ದೇನೆ. ಸದರ್ನ್ ಹೈಬುಷ್‌ನಲ್ಲಿ ಒಂಟಿ ಗಿಡವೂ ಹಣ್ಣು ಕೊಡುತ್ತದೆ ನಿಜ, ಜೊತೆ ಇದ್ದರೆ ಹಣ್ಣು ದೊಡ್ಡದಾಗುತ್ತದೆ, ಬೇಗ ಮಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬ ಧನ್ಯವಾದ. ಹಾಗಾದರೆ ಎಮರಾಲ್ಡ್, ಜ್ಯುವೆಲ್ ಅಂತ ಯೋಚಿಸುತ್ತಿದ್ದೇನೆ. ಒಂದೇ ಚಿಂತೆ, ನಮ್ಮ ನೀರು ಗಡಸು. ಬಕೆಟ್ ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ. ತೊಂದರೆಯಾ?

ಉತ್ತರ 3

ತೊಂದರೆಯೇ. ತಳಿ ಸರಿ ಆರಿಸಿದವರೂ ಸೋಲುವುದು ಇಲ್ಲಿ. ಬ್ಲೂಬೆರಿಗೆ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟು ಹುಳಿ ಹೆಚ್ಚು) 4.5ರಿಂದ 5.5ರ ಒಳಗೆ ಇರಬೇಕು. ಬಿಳಿ ಕಲೆ ಬಿಡುವ ನೀರನ್ನು ದಿನಾ ಹಾಕುತ್ತ ಹೋದರೆ ಪಿಎಚ್ ಮೆಲ್ಲಗೆ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿದರೆ ಅದೇ ಗುರುತು. ನನ್ನ ಗಿಡ ಹೀಗಾದಾಗ ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಲು ಶುರುಮಾಡಿದೆ, ಮುಂದಿನ ಚಿಗುರು ಹಸಿರಾಗಿ ಬಂತು. ಮಳೆನೀರು ಮುಗಿದಾಗ ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪ ವಿನೆಗರ್ ಬೆರೆಸಿ, ಪಿಎಚ್ ನೋಡುವ ಕಾಗದದ ಪಟ್ಟಿ 5.5 ತೋರಿಸುವಷ್ಟು ಮಾಡಿ ಹಾಕುತ್ತೇನೆ.

ನೆಲದ ಮಣ್ಣಿನಲ್ಲಿ ಸುಣ್ಣದ ಅಂಶವಿದ್ದರೆ ಅದರ ಜೊತೆ ಹೋರಾಡಬೇಡಿ, 40–50 ಲೀಟರ್ ಹಿಡಿಯುವ ಕುಂಡದಲ್ಲಿ ಬೆಳೆಸಿ. ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿಯ ಪುಡಿ) ಮತ್ತು ಪೈನ್ ತೊಗಟೆಯ ಚೂರು ಅರ್ಧರ್ಧ ಸಾಕು. ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ಒಂದನ್ನೇ ನಂಬಬೇಡಿ, ಅದು ಅಷ್ಟು ಹುಳಿ ಇರುವುದಿಲ್ಲ. ಬ್ಲೂಬೆರಿ ಬೇರಿಗೆ ರೋಮಗಳಿಲ್ಲ, ಕೂದಲಿನಷ್ಟು ತೆಳುವಾಗಿ ಮೇಲ್ಮೈಯಲ್ಲೇ ಹರಡಿರುತ್ತದೆ. ಹಾಗಾಗಿ ಬುಡ ಕೆದಕಬಾರದು, ಮೂರು ನಾಲ್ಕು ಅಂಗುಲ ತೊಗಟೆಯ ಹೊದಿಕೆ ಹಾಕಬೇಕು. ಗೊಬ್ಬರ ಕೊಡುವುದಾದರೆ ಅಮೋನಿಯಂ ಸಲ್ಫೇಟ್, ಅದೂ ಚಿಟಿಕೆ ಲೆಕ್ಕದಲ್ಲಿ. ಬೂದಿ, ಮೊಟ್ಟೆ ಸಿಪ್ಪೆಯ ಪುಡಿ ಇದರ ಹತ್ತಿರ ಸುಳಿಯಕೂಡದು.

ಉತ್ತರ 1 ಬರೆದವರು

ಸರಿಯಾಗಿ ಹೇಳಿದಿರಿ. ಒಂದೆರಡು ಮಾತು ಬಿಟ್ಟುಹೋಗಿತ್ತು. ಮೊದಲ ವರ್ಷ ಬಂದ ಹೂವನ್ನೆಲ್ಲ ಕೈಯಿಂದ ಉಜ್ಜಿ ತೆಗೆದುಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ನಾನು ಒಂದು ಗಿಡದ್ದು ತೆಗೆದು ಇನ್ನೊಂದರದ್ದು ಬಿಟ್ಟಿದ್ದೆ. ಮೂರನೇ ವರ್ಷಕ್ಕೆ ತೆಗೆದ ಗಿಡ ಬಿಟ್ಟದ್ದರ ಎರಡರಷ್ಟಾಗಿತ್ತು.

ಎಮರಾಲ್ಡ್, ಜ್ಯುವೆಲ್ ಎರಡು, ಅಂಚಿನಲ್ಲಿ ಒಂದು ಸನ್‌ಶೈನ್ ಬ್ಲೂ, ನಿಮ್ಮ ಜಾಗಕ್ಕೆ ಇದು ಸಾಕು. ಚಳಿ ಲೆಕ್ಕ ಹಾಕಿದಾಗ 150ಕ್ಕಿಂತ ಕಡಿಮೆ ಬಂದರೆ ಬಿಲೋಕ್ಸಿ ಹುಡುಕಿ, ಹೆಚ್ಚು ಚಳಿಯೇ ಇಲ್ಲದ ಎತ್ತರದ ಪ್ರದೇಶಗಳಲ್ಲೂ ಅದನ್ನು ಬೆಳೆಯುತ್ತಾರೆ. ಅಂಥ ಕಡೆ ಗಿಡ ಎಲೆ ಉದುರಿಸದೆ ಹಸಿರಾಗಿಯೇ ಇದ್ದರೆ ಗಾಬರಿಯಾಗಬೇಡಿ. ಮತ್ತೆ, ಸಸಿಯ ಜೊತೆ ಬರುವ ಹೆಸರಿನ ಚೀಟಿ ಬಿಸಾಡಬೇಡಿ, ಬಿಸಿಲಿಗೆ ಅಕ್ಷರ ಅಳಿಸಿಹೋಗುತ್ತದೆ, ತಗಡಿನ ತುಂಡಿನ ಮೇಲೆ ಮೊಳೆಯಿಂದ ಗೀಚಿ ಬುಡಕ್ಕೆ ಕಟ್ಟಿ. ಎಲೆ ನೋಡಿ ತಳಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ, ಹೆಸರೇ ಗೊತ್ತಿಲ್ಲದ ಗಿಡಕ್ಕೆ ಜೋಡಿ ಹುಡುಕುವುದು ಬಹಳ ಕಷ್ಟ.