ಜೂನ್ 4ರ ವಿಡಿಯೊ ನನ್ನ ಹತ್ತಿರ ಇದೆ, ಏನು ಮಾಡಲಿ?

ರವಿ, ಮಲ್ಲೇಶ್ವರ:
2025ರ ಜೂನ್ 4ರಂದು ನಾನು ಚಿನ್ನಸ್ವಾಮಿ ಸ್ಟೇಡಿಯಂ ಗೇಟ್ ಹೊರಗೆ ಇದ್ದೆ. ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ. ಗೇಟ್ ಸ್ವಲ್ಪ ತೆರೆದಿದ್ದೇ ತಡ, ಹಿಂದಿನಿಂದ ನೂಕಾಟ ಶುರುವಾಯಿತು. ನನ್ನ ಮುಂದೆ ಬಿದ್ದ ಹುಡುಗಿಯನ್ನು ಹೇಗೋ ಬ್ಯಾರಿಕೇಡ್ ಆಚೆ ಎಳೆದುಕೊಂಡೆವು. ಅವತ್ತು 11 ಜನ ಸತ್ತರು. ನನ್ನ ಫೋನಿನಲ್ಲಿ ಚಿಕ್ಕ ವಿಡಿಯೊ ಇದೆ. ಸರ್ಕಾರ ತನಿಖೆಗೆ ನೇಮಿಸಿದ್ದ ಕುನ್ಹಾ ಆಯೋಗ ಜುಲೈನಲ್ಲೇ ವರದಿ ಕೊಟ್ಟಿತು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮನೆಯವರು ‘ಅಳಿಸಿಬಿಡು, ಸುಮ್ನೆ ಯಾಕೆ ಕೋರ್ಟು ಕಚೇರಿ’ ಅನ್ನುತ್ತಾರೆ. ಇಟ್ಟುಕೊಂಡು ಪ್ರಯೋಜನ ಇದೆಯಾ?

ಶಾಂತಲಾ, ಲಿವರ್‌ಪೂಲ್:
ರವಿ ಅವರೇ, ದಯವಿಟ್ಟು ಅಳಿಸಬೇಡಿ. ನಾನು ಈಗ ಇರುವ ಊರಿನ ಜನ ಇಂಥದ್ದೇ ಸಾಕ್ಷಿಗಾಗಿ 27 ವರ್ಷ ಅಲೆದರು. 1989ರ ಏಪ್ರಿಲ್ 15, ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನ, ಲಿವರ್‌ಪೂಲ್ ತಂಡದ ಪಂದ್ಯ. ಪ್ರೇಕ್ಷಕರು ನಿಲ್ಲುವ, ಬೇಲಿ ಹಾಕಿದ ಜಾಗದಲ್ಲಿ ನೂಕುನುಗ್ಗಲಾಗಿ ಸತ್ತವರ ಲೆಕ್ಕ ಕೊನೆಗೆ 97ಕ್ಕೆ ಬಂತು. ಕುಡಿದು ಬಂದ ಅಭಿಮಾನಿಗಳದ್ದೇ ತಪ್ಪು ಅಂತ ಪೊಲೀಸರು ಹೇಳಿದರು. 1991ರಲ್ಲಿ ‘ಆಕಸ್ಮಿಕ ಸಾವು’ ಎಂಬ ತೀರ್ಮಾನ ಬಂತು. ಮಧ್ಯಾಹ್ನ 3.15ರ ನಂತರ ಏನಾಯಿತು ಅನ್ನುವುದನ್ನು ವಿಚಾರಣೆಗೇ ತೆಗೆದುಕೊಂಡಿರಲಿಲ್ಲ. ಅಷ್ಟು ಹೊತ್ತಿಗೆ ಯಾರನ್ನೂ ಉಳಿಸುವ ಹಾಗಿರಲಿಲ್ಲವಂತೆ!

ಆನ್ ವಿಲಿಯಮ್ಸ್ ಎಂಬ ತಾಯಿ ಇದನ್ನು ಒಪ್ಪಲಿಲ್ಲ. ಅವರ ಮಗ ಕೆವಿನ್‌ಗೆ 15 ವರ್ಷ. ಕೊನೆಯಲ್ಲಿ ಅವನ ಹತ್ತಿರ ಯಾರಿದ್ದರು ಅಂತ ಒಬ್ಬೊಬ್ಬರನ್ನೇ ಹುಡುಕಿದರು. ಸುಮಾರು 4 ಗಂಟೆಗೆ ಅವನು ‘ಅಮ್ಮ’ ಅಂದಿದ್ದನ್ನು ಕೇಳಿದ ಮಹಿಳಾ ಪೊಲೀಸ್ ಸಿಕ್ಕಿದರು. 2012ರಲ್ಲಿ ಸ್ವತಂತ್ರ ಸಮಿತಿ ದಾಖಲೆಗಳನ್ನು ಹೊರಗೆ ತಂದಾಗ, ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದು ಬಯಲಾಯಿತು. ಹಳೆಯ ತೀರ್ಮಾನ ರದ್ದಾಯಿತು. 2016ರಲ್ಲಿ ಜ್ಯೂರಿ ‘ಕಾನೂನುಬಾಹಿರ ಹತ್ಯೆ’ ಎಂದಿತು. ಅದನ್ನು ಕೇಳಲು ಆನ್ ಇರಲಿಲ್ಲ, 2013ರಲ್ಲೇ ತೀರಿಕೊಂಡಿದ್ದರು. ಅವತ್ತು ಮೈದಾನದ ಉಸ್ತುವಾರಿ ಹೊತ್ತಿದ್ದ ಅಧಿಕಾರಿ 2019ರಲ್ಲಿ ಖುಲಾಸೆಯಾದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಸತ್ತವರ ಮೇಲಿನ ಸುಳ್ಳು ಆರೋಪವಾದರೂ ತೊಲಗಿತು, ಅದು ಸಣ್ಣದಲ್ಲ.

ವಿಡಿಯೊ ಜೊತೆಗೆ, ನೀವು ಕಂಡಿದ್ದನ್ನೆಲ್ಲ ಇವತ್ತೇ ಬರೆದಿಡಿ. ಎಷ್ಟು ಗಂಟೆ, ಯಾವ ಗೇಟು, ಪಕ್ಕದಲ್ಲಿ ಯಾರಿದ್ದರು, ಎಲ್ಲ.

ಮೈಸೂರು ವಕೀಲ:
ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಫೈಲ್ ಕುಗ್ಗುತ್ತದೆ, ತಾರೀಕು ಸಮಯದ ವಿವರ ಹೋಗುತ್ತದೆ. ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿ. ಪ್ರಕರಣ ಸಿಐಡಿಗೆ ಹೋಗಿದೆ. ಒಂದು ಅರ್ಜಿ ಬರೆದು ಅದರ ಜೊತೆ ಪ್ರತಿ ಕೊಡಿ, ಸ್ವೀಕೃತಿ ಪತ್ರ ತಗೊಳ್ಳದೆ ಬರಬೇಡಿ. ಕೋರ್ಟಿನಲ್ಲಿ ಅದನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್, ಅಂದರೆ ವಿಡಿಯೊ ಯಾವ ಫೋನಿನಿಂದ ಹೇಗೆ ಬಂತು ಅನ್ನುವ ದೃಢೀಕರಣ, ಬೇಕಾಗುತ್ತದೆ. ಅದಕ್ಕೇ ಮೂಲ ಫೋನ್ ಜೋಪಾನ ಅಂದಿದ್ದು.

ರವಿ, ಮಲ್ಲೇಶ್ವರ:
ಇಬ್ಬರಿಗೂ ಥ್ಯಾಂಕ್ಸ್. ಜೊತೆಗಿದ್ದ ಗೆಳೆಯನ ಫೋನಿನಲ್ಲೂ ಗೇಟಿನ ವಿಡಿಯೊ ಇದೆಯಂತೆ. ಅವನಿಗೂ ಇದನ್ನೇ ಹೇಳಿದ್ದೇನೆ. ಅರ್ಜಿಯಲ್ಲಿ ಇಬ್ಬರೂ ಒಟ್ಟಿಗೆ ಸಹಿ ಮಾಡಬಹುದಾ, ಬೇರೆ ಬೇರೆ ಕೊಡಬೇಕಾ?

ಮೈಸೂರು ವಕೀಲ:
ಬೇರೆ ಬೇರೆ ಕೊಡಿ. ಒಬ್ಬೊಬ್ಬರು ತಾವು ಕಂಡಿದ್ದನ್ನು ಮಾತ್ರ ಬರೆಯಿರಿ.